ಪುರುಷ ಬಂಜೆತನದ ಆನುವಂಶಿಕ ಕಾರಣಗಳು: ವಿಜಯಪುರ ಸೀಮೆಯ ಸಂದರ್ಭದಲ್ಲಿ ಒಂದು ವಿವೇಚನೆ

ಬಂಜೆತನ ಆನುವಂಶಿಕವಾಗಿ ಬರಬಹುದೆಂಬ ಮಾತು ಮೇಲ್ನೋಟಕ್ಕೆ ತನ್ನನ್ನು ತಾನೇ ಖಂಡಿಸಿಕೊಳ್ಳುವಂತೆ ಕಾಣುತ್ತದೆ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬರುವುದನ್ನು ಆನುವಂಶಿಕವೆಂದು ಕರೆಯುವುದಾದರೆ, ಮಕ್ಕಳೇ ಆಗದವನ ಕೊರತೆ ಮುಂದಿನ ತಲೆಮಾರಿಗೆ ಇಳಿಯುವ ದಾರಿಯೇ ಇಲ್ಲ. ಅದು ಅವನೊಂದಿಗೇ ಮುಗಿದುಹೋಗಬೇಕು. ಆದರೆ ವೀರ್ಯದಲ್ಲಿ ವೀರ್ಯಾಣುಗಳು ಇಲ್ಲದ ಅಥವಾ ತೀರ ಕಡಿಮೆ ಇರುವ ಗಂಡಸರನ್ನು ಪರೀಕ್ಷಿಸಿದಾಗ ಅವರಲ್ಲಿ ಗಣನೀಯ ಸಂಖ್ಯೆಯವರಿಗೆ ಕಾರಣ ವರ್ಣತಂತುಗಳಲ್ಲಿ, ಇಲ್ಲವೆ ಆ ವರ್ಣತಂತುಗಳ ಮೇಲಿರುವ ವಂಶವಾಹಿಗಳಲ್ಲಿ ಸಿಗುತ್ತದೆ, ಮತ್ತು ಇಂಥವರು ಪ್ರತಿ ತಲೆಮಾರಿನಲ್ಲಿಯೂ ಹುಟ್ಟುತ್ತಲೇ ಇದ್ದಾರೆ. ಈ ವಿರೋಧಕ್ಕೆ ವಿಜ್ಞಾನ ಕಂಡುಕೊಂಡಿರುವ ಪರಿಹಾರ ಮೂರು ಬಗೆಯದು. ಕೆಲವು ದೋಷಗಳು ತಂದೆಯಲ್ಲಿ ಇರದೆ ಮಗನಲ್ಲಿ ಹೊಸದಾಗಿ ಹುಟ್ಟುತ್ತವೆ. ಕೆಲವು ತಾಯಂದಿರ ಮೂಲಕ ಸಾಗುತ್ತವೆ, ಅವರ ಫಲವಂತಿಕೆಗೆ ಅವುಗಳಿಂದ ಯಾವ ಕೊರತೆಯೂ ಆಗುವುದಿಲ್ಲ. ಇನ್ನು ಕೆಲವು ತಂದೆತಾಯಿ ಇಬ್ಬರಲ್ಲೂ ಅಡಗಿದ್ದು, ಇಬ್ಬರಿಂದಲೂ ಒಂದೊಂದು ಪ್ರತಿ ಬಂದು ಕೂಡಿದಾಗ ಮಾತ್ರ ಪ್ರಕಟವಾಗುತ್ತವೆ. ರಕ್ತಸಂಬಂಧದಲ್ಲಿ ಕೊಟ್ಟು ತರುವ ರೂಢಿ ಬೇರೂರಿರುವ ಉತ್ತರ ಕರ್ನಾಟಕದಲ್ಲಿ ಈ ಮೂರನೆಯ ಬಗೆಗೆ ವಿಶೇಷ ಗಮನ ಸಲ್ಲಬೇಕಾಗಿದೆ.

ವಿಜಯಪುರ ನಗರದಲ್ಲಾಗಲಿ, ಅದರ ಪಶ್ಚಿಮಕ್ಕಿರುವ ತಿಕೋಟಾ ಹಾಗೂ ನೈರುತ್ಯಕ್ಕಿರುವ ಬಬಲೇಶ್ವರ ತಾಲ್ಲೂಕುಗಳ ದ್ರಾಕ್ಷಿ ಪಡದ ಹಳ್ಳಿಗಳಲ್ಲಾಗಲಿ, ಮದುವೆಯಾಗಿ ಎರಡು ವರ್ಷ ಕಳೆದರೂ ಮನೆಯಲ್ಲಿ ಕುಬಸದ ಮಾತು ಏಳದಿದ್ದರೆ "ಏನರ ವಿಶೇಷ ಐತೇನವಾ?" ಎಂಬ ಪ್ರಶ್ನೆ ಬರುವುದು ಸೊಸೆಗೆ. ತೊಟ್ಟಿಲು ಕಟ್ಟುವ ಹರಕೆ ಅವಳದು, ಉಡಿ ತುಂಬುವ ಕಾರ್ಯದಲ್ಲಿ ಹಿಂದೆ ಸರಿದು ನಿಲ್ಲುವ ಸಂಕಟ ಅವಳದು, ತಿಂಗಳುಗಟ್ಟಲೆ ಸ್ಕ್ಯಾನಿಂಗು, ಹಾರ್ಮೋನು ಪರೀಕ್ಷೆ, ಗರ್ಭನಾಳದ ಎಕ್ಸ್‌ರೇಗಳೂ ಅವಳಿಗೇ. ಗಂಡನ ವೀರ್ಯ ಪರೀಕ್ಷೆಯ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ, ಕೆಲವೊಮ್ಮೆ ಅವನಿಗೆ ಎರಡನೆಯ ಮದುವೆಯ ಮಾತು ನಡೆದ ಮೇಲೆ. ಎಲ್ಲಕ್ಕಿಂತ ಅಗ್ಗದ, ನೋವಿಲ್ಲದ, ಒಂದೇ ದಿನದಲ್ಲಿ ಮುಗಿಯುವ ಪರೀಕ್ಷೆ ಕೊನೆಗೆ ಬೀಳುವುದು ವೈದ್ಯಕೀಯ ಕಾರಣದಿಂದಲ್ಲ. ಇದೇ ನಗರದಿಂದ ಆಳಿದ ಮೊದಲನೆಯ ಅಲಿ ಆದಿಲಶಾಹ 1580ರಲ್ಲಿ ಕೊಲೆಯಾದಾಗ ಗಾದಿಗೆ ಮಗನಿಲ್ಲದೆ ಸೋದರನ ಮಗ ಎರಡನೆಯ ಇಬ್ರಾಹಿಂ ಪಟ್ಟಕ್ಕೆ ಬಂದ; ಅವನ ರಾಣಿ ಚಾಂದಬೀಬಿಗೆ ಮಕ್ಕಳಿರಲಿಲ್ಲವೆಂದು ಚರಿತ್ರೆ ಬರೆದಿಟ್ಟಿದೆ, ಕೊರತೆ ಯಾರಲ್ಲಿತ್ತೆಂದು ಕೇಳುವ ಗೋಜಿಗೆ ಅದು ಹೋಗಿಲ್ಲ. ಈಗ ಕೇಳಿದರೂ ಉತ್ತರ ಸಿಗುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಸುಮಾರು ಆರಕ್ಕೆ ಒಬ್ಬರು ಜೀವಿತದ ಒಂದಲ್ಲ ಒಂದು ಘಟ್ಟದಲ್ಲಿ ಬಂಜೆತನವನ್ನು ಎದುರಿಸುತ್ತಾರೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡನ ಪಾಲೂ ಇರುತ್ತದೆ, ಒಂಟಿ ಕಾರಣವಾಗಿ ಅಥವಾ ಹೆಂಡತಿಯ ಕಾರಣದೊಂದಿಗೆ ಕೂಡಿ. ಅದೇ ಸಂಸ್ಥೆಯ 2021ರ ಕೈಪಿಡಿ ಒಂದು ಮಿಲಿಲೀಟರ್ ವೀರ್ಯದಲ್ಲಿ 1.6 ಕೋಟಿ ವೀರ್ಯಾಣುಗಳನ್ನು ಕೆಳಮಿತಿಯಾಗಿ ಗುರುತಿಸಿದೆ. ಇದಕ್ಕಿಂತ ಕಡಿಮೆಯಿದ್ದವನಿಗೆ ಮಕ್ಕಳಾಗುವುದೇ ಇಲ್ಲವೆಂದು ಇದರ ಅರ್ಥವಲ್ಲ, ಸಾಧ್ಯತೆ ಇಳಿಯುತ್ತದೆ ಎಂದಷ್ಟೇ. ಎರಡರಿಂದ ಏಳು ದಿನಗಳ ಸಂಯಮದ ನಂತರ ಮಾದರಿ ಕೊಡಬೇಕು, ಫಲಿತಾಂಶ ಕೆಟ್ಟದಾಗಿ ಬಂದರೆ ಕೆಲವು ವಾರಗಳ ಅಂತರದಲ್ಲಿ ಮತ್ತೊಮ್ಮೆ ಕೊಡಬೇಕು. ಸೂಕ್ಷ್ಮದರ್ಶಕದಡಿ ಒಂದು ಹನಿ ಇಟ್ಟು ನೋಡಿ ವೀರ್ಯಾಣು ಇಲ್ಲವೆಂದು ಬರೆದುಕೊಟ್ಟರೆ ಸಾಲದು. ಮಾದರಿಯನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಹದಿನೈದು ನಿಮಿಷ ವೇಗವಾಗಿ ತಿರುಗಿಸಿ ತಳದಲ್ಲಿ ಕೂತ ಗಸಿಯನ್ನು ಹುಡುಕಬೇಕು, ಏಕೆಂದರೆ ಏನೂ ಇಲ್ಲದವನಿಗೂ ಬೆರಳೆಣಿಕೆಯಷ್ಟು ಇರುವವನಿಗೂ ಮುಂದಿನ ಚಿಕಿತ್ಸೆಯಲ್ಲಿ ಅಜಗಜಾಂತರವಿದೆ. ವೀರ್ಯಾಣುಗಳು ಪೂರ್ತಿ ಇಲ್ಲದ ಸ್ಥಿತಿಗೆ ಅಜೂಸ್ಪರ್ಮಿಯ ಎನ್ನುತ್ತಾರೆ. ಎಲ್ಲ ಗಂಡಸರಲ್ಲಿ ನೂರಕ್ಕೆ ಒಬ್ಬರಷ್ಟು ಜನರಲ್ಲಿ, ಬಂಜೆತನದ ದೂರಿನಿಂದ ಬರುವ ಗಂಡಸರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿಯಲ್ಲಿ ಇದು ಕಂಡುಬರುತ್ತದೆ. ಮಿಲಿಲೀಟರಿಗೆ 50 ಲಕ್ಷಕ್ಕಿಂತ ಕಡಿಮೆ ವೀರ್ಯಾಣುಗಳಿರುವವರಲ್ಲಿ ಆನುವಂಶಿಕ ಪರೀಕ್ಷೆ ಮಾಡಿಸುವುದು ಬಹುಮಟ್ಟಿಗೆ ಒಪ್ಪಿತವಾದ ಕ್ರಮ.

ಆ ಪರೀಕ್ಷೆಗಳಲ್ಲಿ ಹಳೆಯದು ವರ್ಣತಂತುಗಳ ಎಣಿಕೆ. ಹೆಪ್ಪುಗಟ್ಟದಂತೆ ಹೆಪಾರಿನ್ ಸೇರಿಸಿದ ನಳಿಕೆಯಲ್ಲಿ ತೋಳಿನ ರಕ್ತವನ್ನು ತೆಗೆದುಕೊಂಡು, ಅದರ ಬಿಳಿ ರಕ್ತಕಣಗಳನ್ನು ಮೂರು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಸುತ್ತಾರೆ. ಸುಮ್ಮನೆ ಕೂತ ಈ ಕಣಗಳನ್ನು ವಿಭಜನೆಗೆ ಎಬ್ಬಿಸುವ ವಸ್ತು ರಾಜ್ಮಾ ಕಾಳಿನಿಂದ ತೆಗೆದದ್ದು. ವಿಭಜನೆಯ ನಡುವೆ, ವರ್ಣತಂತುಗಳು ದಪ್ಪಗೆ ಸುರುಳಿಗೊಂಡು ಎದ್ದು ಕಾಣುವ ಕ್ಷಣದಲ್ಲಿ ಅವನ್ನು ತಡೆದು ನಿಲ್ಲಿಸುವುದು ಕಾಲ್ಚಿಸಿನ್ ಬಗೆಯ ವಸ್ತು, ನಮ್ಮ ಕಾಡಂಚಿನ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇರುವ ವಿಷ. ಬಳಿಕ ಕಣಗಳನ್ನು ತೆಳು ಉಪ್ಪುನೀರಿನಲ್ಲಿ ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಹನಿಸಿ, ಬಣ್ಣ ಹಾಕಿದಾಗ ಅಡ್ಡಪಟ್ಟೆಗಳುಳ್ಳ 46 ವರ್ಣತಂತುಗಳು ಚದರಿಕೊಂಡು ಕಾಣುತ್ತವೆ. ಅವುಗಳನ್ನು ಗಾತ್ರದ ಪ್ರಕಾರ ಜೋಡಿಸಿದಾಗ ಗಂಡಸಿನಲ್ಲಿ 22 ಜೋಡಿಗಳ ನಂತರ ಒಂದು ಎಕ್ಸ್, ಒಂದು ವೈ ಉಳಿಯಬೇಕು.

ಎರಡು ಎಕ್ಸ್ ಮತ್ತು ಒಂದು ವೈ ಉಳಿದರೆ ಅದು ಕ್ಲೈನ್‌ಫೆಲ್ಟರ್ ಲಕ್ಷಣಕೂಟ. ಅಮೆರಿಕದ ವೈದ್ಯ ಹ್ಯಾರಿ ಕ್ಲೈನ್‌ಫೆಲ್ಟರ್ 1942ರಲ್ಲಿ ಇದರ ದೇಹಲಕ್ಷಣಗಳನ್ನು ವಿವರಿಸಿದ. ಹೆಚ್ಚುವರಿ ಎಕ್ಸ್ ಇದರ ಮೂಲವೆಂಬುದನ್ನು 1959ರಲ್ಲಿ ಪೆಟ್ರಿಶಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ತೋರಿಸಿದರು. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 600ಕ್ಕೆ ಒಬ್ಬನಲ್ಲಿ ಇದು ಇರುತ್ತದೆ, ಅಂದರೆ ಅಪರೂಪವೇನಲ್ಲ. ಆದರೂ ಬಹುಪಾಲು ಮಂದಿಗೆ ಜೀವಮಾನವಿಡೀ ತಮಗೆ ಇದಿದೆಯೆಂದು ತಿಳಿಯುವುದೇ ಇಲ್ಲ. ಎತ್ತರದ ನಿಲುವು, ನೀಳ ಕಾಲುಗಳು, ವಿರಳ ಗಡ್ಡ, ಕೆಲವರಲ್ಲಿ ತುಸು ಉಬ್ಬಿದ ಎದೆ, ಇವು ಯಾರನ್ನೂ ಆಸ್ಪತ್ರೆಗೆ ಓಡಿಸುವ ಲಕ್ಷಣಗಳಲ್ಲ. ಖಚಿತ ಸೂಚನೆಯಿರುವುದು ವೃಷಣಗಳ ಗಾತ್ರದಲ್ಲಿ. ಸ್ವಿಟ್ಜರ್ಲೆಂಡಿನ ಆಂಡ್ರಿಯಾ ಪ್ರಾಡರ್ 1966ರಲ್ಲಿ ಪ್ರಚಾರಕ್ಕೆ ತಂದ, ಒಂದರಿಂದ 25 ಮಿಲಿಲೀಟರ್‌ವರೆಗಿನ ಅಂಡಾಕಾರದ ಮಣಿಗಳನ್ನು ಪೋಣಿಸಿದ ಸರವೊಂದನ್ನು ಕೈಯಲ್ಲಿ ಹಿಡಿದು ಹೋಲಿಸಿ ನೋಡಿದರೆ, ವಯಸ್ಕರಲ್ಲಿ 15 ಮಿಲಿಲೀಟರಿಗಿಂತ ಹೆಚ್ಚಿರಬೇಕಾದ ವೃಷಣ ಇವರಲ್ಲಿ ನಾಲ್ಕೈದನ್ನೂ ಮುಟ್ಟಿರುವುದಿಲ್ಲ. ಒಂದು ನಿಮಿಷದ ಈ ದೇಹಪರೀಕ್ಷೆಯನ್ನು ಮಾಡದೆ ವೀರ್ಯ ಹೆಚ್ಚಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ಬರೆದುಕೊಡುವುದು ಯಾವ ಪದ್ಧತಿಯ ವೈದ್ಯಕ್ಕೂ ಶೋಭೆಯಲ್ಲ. ಈ ಲಕ್ಷಣಕೂಟ ಬಹುತೇಕ ತಂದೆ ಅಥವಾ ತಾಯಿಯ ಲಿಂಗಕಣಗಳು ರೂಪುಗೊಳ್ಳುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದ ಆಕಸ್ಮಿಕದಿಂದ ಬರುತ್ತದೆಯೇ ಹೊರತು ಮನೆತನದಿಂದ ಇಳಿದು ಬರುವುದಿಲ್ಲ.

ವರ್ಣತಂತುಗಳ ಎಣಿಕೆಯಲ್ಲಿ ಬೆಳಕಿಗೆ ಬರುವ ಇನ್ನೊಂದು ಸಂಗತಿ ಸ್ಥಾನಪಲ್ಲಟ: ಒಂದು ವರ್ಣತಂತುವಿನ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುವುದು, ಅಥವಾ ಎರಡು ವರ್ಣತಂತುಗಳು ಕೂಡಿ ಒಂದಾಗಿರುವುದು. ಒಟ್ಟು ಸರಕು ಸರಿಯಿರುವುದರಿಂದ ವ್ಯಕ್ತಿ ಆರೋಗ್ಯವಾಗಿಯೇ ಇರುತ್ತಾನೆ. ಸಮಸ್ಯೆ ಬರುವುದು ಆ ಸರಕನ್ನು ಅರ್ಧಕ್ಕೆ ಹಂಚುವಾಗ. ಹಂಚಿಕೆ ಏರುಪೇರಾದ ವೀರ್ಯಾಣುವಿನಿಂದ ಗರ್ಭ ಕಟ್ಟಿದರೂ ಹಲವು ಸಲ ಮೊದಲ ತಿಂಗಳುಗಳಲ್ಲೇ ಇಳಿದುಹೋಗುತ್ತದೆ. ಮೇಲಿಂದ ಮೇಲೆ ಗರ್ಭ ಇಳಿಯುವುದಕ್ಕೆ "ಅಕೀ ಹೊಟ್ಟ್ಯಾಗ ನಿಂದ್ರೂದಿಲ್ಲ" ಎಂದು ಹೇಳುವ ಮನೆಗಳಲ್ಲಿ ಗಂಡನ ರಕ್ತದ ಪರೀಕ್ಷೆಯೂ ಹೆಂಡತಿಯದರಷ್ಟೇ ಅಗತ್ಯವೆಂಬುದು ತಿಳಿದಿರಬೇಕು.

ಹೊಸದಾಗಿ ಹುಟ್ಟುವ ದೋಷಗಳಲ್ಲಿ ಹೆಚ್ಚು ಕುತೂಹಲದ್ದು ವೈ ವರ್ಣತಂತುವಿನದು. ಇಟಲಿಯ ಲೂಚಿಯಾನೊ ತಿಯೆಪೊಲೊ ಮತ್ತು ಒರ್ಸೆಟ್ಟಾ ಜುಫಾರ್ಡಿ 1976ರಲ್ಲಿ ವೀರ್ಯಾಣುಗಳಿಲ್ಲದ ಆರು ಮಂದಿಯಲ್ಲಿ ವೈ ವರ್ಣತಂತುವಿನ ಉದ್ದ ತೋಳಿನ ತುದಿ ಕಾಣೆಯಾಗಿರುವುದನ್ನು ಗಮನಿಸಿ, ವೀರ್ಯಾಣು ತಯಾರಿಕೆಗೆ ಬೇಕಾದ ಅಂಶ ಅಲ್ಲಿರಬೇಕೆಂದು ಊಹಿಸಿದರು. 1996ರಲ್ಲಿ ಪೀಟರ್ ಫೋಗ್ಟ್ ಮತ್ತು ಸಂಗಡಿಗರು ಆ ಪ್ರದೇಶವನ್ನು ಎ, ಬಿ, ಸಿ ಎಂದು ಮೂರಾಗಿ ವಿಂಗಡಿಸಿ, ಯಾವ ಭಾಗ ಹೋದರೆ ಏನಾಗುತ್ತದೆಂದು ತೋರಿಸಿದರು. ಎ ಭಾಗ ಪೂರ್ತಿ ಹೋದವನ ವೃಷಣದ ಕೊಳವೆಗಳಲ್ಲಿ ಪೋಷಕ ಕಣಗಳು ಮಾತ್ರ ಉಳಿದು ವೀರ್ಯಾಣುವಿನ ಮೂಲಕಣಗಳೇ ಇರುವುದಿಲ್ಲ. ಬಿ ಭಾಗ ಹೋದವನಲ್ಲಿ ಮೂಲಕಣಗಳಿದ್ದು ಬೆಳವಣಿಗೆ ನಡುವೆಯೇ ನಿಂತುಬಿಡುತ್ತದೆ. ಸಿ ಭಾಗ ಹೋದವನಲ್ಲಿ ವೀರ್ಯಾಣುಗಳು ಅಲ್ಪಸ್ವಲ್ಪ ತಯಾರಾಗುತ್ತಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಸಿ ಭಾಗದ ಲೋಪ. ಅದರಲ್ಲಿ ಕಳೆದುಹೋಗುವುದು ಸುಮಾರು 35 ಲಕ್ಷ ಡಿಎನ್‌ಎ ಅಕ್ಷರಗಳು, ಆದರೂ ಸೂಕ್ಷ್ಮದರ್ಶಕಕ್ಕೆ ಕಾಣಿಸದಷ್ಟು ಚಿಕ್ಕ ಅಂತರವಾದ್ದರಿಂದ ಇದನ್ನು ಸೂಕ್ಷ್ಮ ಲೋಪವೆನ್ನುತ್ತಾರೆ. ಪತ್ತೆಗೆ ಪಿಸಿಆರ್ ಪರೀಕ್ಷೆ ಬೇಕು.

ಈ ತುಂಡೇ ಏಕೆ ಮತ್ತೆ ಮತ್ತೆ ಕಳೆದುಹೋಗುತ್ತದೆ ಎಂಬುದಕ್ಕೆ ಉತ್ತರ 2003ರಲ್ಲಿ, ಡೇವಿಡ್ ಪೇಜ್ ಅವರ ತಂಡ ವೈ ವರ್ಣತಂತುವಿನ ಅಕ್ಷರಕ್ರಮವನ್ನು ಪ್ರಕಟಿಸಿದಾಗ ದೊರಕಿತು. ಉಳಿದ ವರ್ಣತಂತುಗಳಿಗೆ ಜೋಡಿಯಿದೆ, ಒಂದರಲ್ಲಿ ತಪ್ಪಾದರೆ ಇನ್ನೊಂದನ್ನು ನೋಡಿ ತಿದ್ದಿಕೊಳ್ಳಬಹುದು. ಒಂಟಿಯಾದ ವೈಗೆ ಆ ಅನುಕೂಲವಿಲ್ಲ. ಅದಕ್ಕೆ ಬದಲಾಗಿ ಅದರೊಳಗೆ 'ವಿಕಟಕವಿ' ಎಂಬ ಪದದಂತೆ ಎರಡೂ ತುದಿಯಿಂದ ಒಂದೇ ಆಗಿ ಓದಿಕೊಳ್ಳುವ ಎಂಟು ಬೃಹತ್ ಭಾಗಗಳಿವೆ, ಮತ್ತು ಅವುಗಳ ಒಂದು ಅರ್ಧವನ್ನು ಕನ್ನಡಿಯಾಗಿಟ್ಟುಕೊಂಡು ಇನ್ನೊಂದು ಅರ್ಧವನ್ನು ವೈ ತಿದ್ದಿಕೊಳ್ಳುತ್ತದೆ. ವೀರ್ಯಾಣುಗಳಿಗೆ ಬೇಕಾದ ಅನೇಕ ವಂಶವಾಹಿಗಳು ಈ ಭಾಗಗಳಲ್ಲಿಯೇ ಕೂತಿವೆ. ಆದರೆ ಒಂದನ್ನೊಂದು ಹೋಲುವ ಇಷ್ಟು ಉದ್ದದ ತುಂಡುಗಳು ಒಂದೇ ತಂತುವಿನಲ್ಲಿದ್ದಾಗ ತಪ್ಪು ತುಂಡುಗಳು ಜೋಡಿಗೊಂಡು ನಡುವಿನದೆಲ್ಲ ಉದುರಿಹೋಗುವ ಅಪಾಯವೂ ಉಂಟು. ಕಾಯುವ ವ್ಯವಸ್ಥೆಯೇ ಕಳೆಯುವ ವ್ಯವಸ್ಥೆಯೂ ಆಗಿರುವುದರಿಂದ, ಪೂರ್ಣ ವೈ ಇರುವ ಫಲವಂತ ತಂದೆಯ ಮಗನಲ್ಲಿ ಈ ಲೋಪ ಹೊಸದಾಗಿ ಹುಟ್ಟುತ್ತದೆ. ಎಷ್ಟು ಮಂದಿ ನಿಸ್ಸಂತಾನರಾಗಿ ಹೋದರೂ ಅದು ಅಳಿಯುವುದಿಲ್ಲ. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವಶಾಸ್ತ್ರ ಕೇಂದ್ರದಲ್ಲಿ ಕೆ. ತಂಗರಾಜ್, ಲಾಲ್ಜಿ ಸಿಂಗ್ ಮತ್ತು ಸಹೋದ್ಯೋಗಿಗಳು ಭಾರತದ 340 ಅಜೂಸ್ಪರ್ಮಿಯ ಪೀಡಿತರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 29 ಮಂದಿಯಲ್ಲಿ, ಅಂದರೆ ಶೇಕಡ 8.5ರಷ್ಟು ಜನರಲ್ಲಿ, ವೈ ಲೋಪ ಕಂಡುಬಂತು.

ಎರಡನೆಯ ದಾರಿ ತಾಯಿಯದು. ಗಂಡುಮಗನ ಎಕ್ಸ್ ವರ್ಣತಂತು ಯಾವಾಗಲೂ ತಾಯಿಯಿಂದ ಬಂದದ್ದು. ಅದರ ಮೇಲಿನ ವಂಶವಾಹಿಯೊಂದು ಕೆಟ್ಟಿದ್ದರೆ, ಇನ್ನೊಂದು ಎಕ್ಸ್ ಇರುವ ತಾಯಿಗೆ ಏನೂ ಆಗಿರುವುದಿಲ್ಲ, ಒಂದೇ ಎಕ್ಸ್ ಇರುವ ಮಗನಿಗೆ ತೊಂದರೆಯಾಗುತ್ತದೆ. ಟೆಕ್ಸ್11 ಎಂಬ ವಂಶವಾಹಿ ಹೀಗೆ ಕೆಟ್ಟಾಗ ವೀರ್ಯಾಣುವಿನ ಬೆಳವಣಿಗೆ ಅರ್ಧದಲ್ಲಿ ನಿಲ್ಲುತ್ತದೆಂದು 2015ರಲ್ಲಿ ತಿಳಿದುಬಂತು. ಆದ್ದರಿಂದ ವೈದ್ಯರು ಕೇಳಬೇಕಾದ ಪ್ರಶ್ನೆ ಅಪ್ಪನ ಕಡೆಯವರ ಬಗೆಗಷ್ಟೇ ಅಲ್ಲ; ಸೋದರಮಾವಂದಿರಿಗೆ, ಚಿಕ್ಕಮ್ಮ ದೊಡ್ಡಮ್ಮಂದಿರ ಗಂಡುಮಕ್ಕಳಿಗೆ ಮಕ್ಕಳಿದ್ದಾರೆಯೇ ಎಂದೂ ಕೇಳಬೇಕು. ಎಕ್ಸ್ ಮೂಲಕ ಬರುವುದರಲ್ಲಿ ಕಾಲ್ಮನ್ ಲಕ್ಷಣಕೂಟದ ಒಂದು ಬಗೆಯೂ ಇದೆ. ಭ್ರೂಣದಲ್ಲಿ ಮೂಗಿನ ಭಾಗದಿಂದ ಮೆದುಳಿನತ್ತ ವಾಸನೆಯ ನರಗಳ ಜಾಡು ಹಿಡಿದು ಸಾಗಬೇಕಾದ ಕೆಲವು ನರಕಣಗಳು ದಾರಿಯಲ್ಲೇ ನಿಂತುಬಿಡುವುದರಿಂದ, ವೃಷಣಗಳನ್ನು ಪ್ರಚೋದಿಸುವ ಹಾರ್ಮೋನುಗಳಿಗೆ ಮೆದುಳಿನ ಅಪ್ಪಣೆ ಸಿಗುವುದಿಲ್ಲ, ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಹದಿನೆಂಟಾದರೂ ಮೀಸೆ ಮೂಡದ, ದನಿ ಒಡೆಯದ ಹುಡುಗನಿಗೆ ಒಗ್ಗರಣೆ ಸೀದ ವಾಸನೆ ತಿಳಿಯುತ್ತದೆಯೇ ಎಂದು ಕೇಳುವುದರಿಂದಲೇ ಇದರ ಸುಳಿವು ಸಿಗಬಹುದು. ಇದು ಆನುವಂಶಿಕವಾದರೂ ಚಿಕಿತ್ಸೆಯಿಲ್ಲದ್ದಲ್ಲ. ಎಚ್‌ಸಿಜಿ, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳ ಚುಚ್ಚುಮದ್ದುಗಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷದವರೆಗೆ ಕೊಟ್ಟಾಗ ಬಹುಮಂದಿಯಲ್ಲಿ ವೀರ್ಯಾಣುಗಳು ಮೂಡುತ್ತವೆ. ಆನುವಂಶಿಕವೆಂದರೆ ಮದ್ದಿಲ್ಲದ್ದು ಎಂಬ ತಿಳಿವಳಿಕೆಯನ್ನು ಬಿಡಲು ಇದೊಂದೇ ಉದಾಹರಣೆ ಸಾಕು.

ಮೂರನೆಯ ದಾರಿಯ ಚರ್ಚೆಗೆ ಕರ್ನಾಟಕದಲ್ಲಿಯೇ ಆಧಾರಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅವರೊಂದಿಗೆ ಆಲನ್ ಬಿಟಲ್ಸ್ ಮೊದಲಾದವರು 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳ ತಪಾಸಣೆ ನಡೆಸಿದಾಗ, ಸುಮಾರು ಮೂರನೆಯ ಒಂದು ಭಾಗದ ತಂದೆತಾಯಂದಿರು ರಕ್ತಸಂಬಂಧಿಗಳೆಂದು ತಿಳಿದುಬಂತು. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದು ಅವುಗಳಲ್ಲಿ ಮುಖ್ಯ ರೂಢಿಯಾಗಿತ್ತು. ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ತಡೆಯಬೇಕು. ರಕ್ತಸಂಬಂಧದ ದಂಪತಿಗಳಿಗೆ ಮಕ್ಕಳು ಕಡಿಮೆಯೆಂಬುದು ನಿಜವಲ್ಲ. ಬಿಟಲ್ಸ್ ಮತ್ತು ಸಂಗಡಿಗರು 1991ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಅವರಿಗೆ ಇತರರಷ್ಟೇ, ಕೆಲವೆಡೆ ತುಸು ಹೆಚ್ಚೇ ಮಕ್ಕಳಾಗುತ್ತವೆ. ಪ್ರಶ್ನೆಯಿರುವುದು ಆ ದಂಪತಿಗಳ ಬಗೆಗಲ್ಲ, ಅವರಿಗೆ ಹುಟ್ಟುವ ಗಂಡುಮಕ್ಕಳಲ್ಲಿ ಕೆಲವರ ಬಗೆಗೆ.

ಲೆಕ್ಕ ಹೀಗಿದೆ. ಕೆಟ್ಟ ವಂಶವಾಹಿಯ ಒಂದು ಪ್ರತಿಯನ್ನು ಇನ್ನೂರರಲ್ಲಿ ಒಬ್ಬರು ಹೊತ್ತಿದ್ದಾರೆಂದು ಇಟ್ಟುಕೊಂಡರೆ, ಸಂಬಂಧವಿಲ್ಲದ ದಂಪತಿಯ ಮಗುವಿಗೆ ಎರಡೂ ಪ್ರತಿ ಬರುವ ಸಂಭವ 1,60,000ಕ್ಕೆ ಒಂದು. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಂದಿಗೆ ಮದುವೆಯಾದಾಗ ಅದು ಸುಮಾರು 6,200ಕ್ಕೆ ಒಂದಾಗುತ್ತದೆ, ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಸುಮಾರು 3,100ಕ್ಕೆ ಒಂದು, ಅಂದರೆ ಐವತ್ತು ಪಟ್ಟು. ದೋಷ ವಿರಳವಾದಷ್ಟೂ ಈ ಪಟ್ಟು ದೊಡ್ಡದಾಗುತ್ತದೆ. ಆದರೂ ಒಂದೊಂದು ದೋಷದ ಮಟ್ಟಿಗೆ ಅದು ಸಾವಿರಾರು ಮಕ್ಕಳಲ್ಲಿ ಒಬ್ಬರ ಮಾತೇ ಎಂಬುದನ್ನೂ ಹೇಳದಿದ್ದರೆ ಲೆಕ್ಕ ಅಪೂರ್ಣ. ಇಂಥ ದೋಷಗಳಲ್ಲಿ ಕೆಲವು ವೀರ್ಯಾಣುಗಳ ಸಂಖ್ಯೆಗಿಂತ ರೂಪವನ್ನೇ ಕೆಡಿಸುತ್ತವೆ. ಡಿಪಿವೈ19ಎಲ್2 ಎಂಬ ವಂಶವಾಹಿ ಇಲ್ಲವಾದಾಗ ವೀರ್ಯಾಣುವಿನ ತಲೆಯ ಮೇಲಿನ ಟೊಪ್ಪಿಗೆಯಂಥ ಚೀಲ ಮೂಡದೆ ತಲೆ ಗುಂಡಗಾಗುತ್ತದೆ, ಅಂಡವನ್ನು ಭೇದಿಸುವ ಶಕ್ತಿ ಇರುವುದಿಲ್ಲ. ಡಿಎನ್‌ಎಎಚ್1 ಕೆಟ್ಟಾಗ ಬಾಲ ಮೊಂಡಾಗುತ್ತದೆ ಅಥವಾ ಸುರುಳಿಗೊಳ್ಳುತ್ತದೆ. ಈ ವಂಶವಾಹಿಗಳನ್ನು ಗುರುತಿಸಲು ನೆರವಾದದ್ದು ಬಹುಮಟ್ಟಿಗೆ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ರಕ್ತಸಂಬಂಧದ ಕುಟುಂಬಗಳು. ಒಳಸಂಬಂಧಗಳ ವಂಶಾವಳಿ ಬಾಯಿಪಾಠವಿರುವ ಹಿರಿಯರು ಮನೆಮನೆಯಲ್ಲೂ ಇರುವ ವಿಜಯಪುರದಂಥ ಜಿಲ್ಲೆ ಈ ಶೋಧದಲ್ಲಿ ಪಾಲ್ಗೊಳ್ಳಲು ಯೋಗ್ಯವಾದುದು, 1910ರಲ್ಲಿ ಫ.ಗು. ಹಳಕಟ್ಟಿಯವರು ಕಟ್ಟಿದ ಸಂಸ್ಥೆಯಿಂದ ಬೆಳೆದ ವೈದ್ಯಕೀಯ ಕಾಲೇಜೂ, ಅಲ್-ಅಮೀನ್ ಕಾಲೇಜೂ ಸೇರಿ ನಗರದಲ್ಲೇ ಎರಡು ವೈದ್ಯಕೀಯ ಕಾಲೇಜುಗಳಿರುವಾಗ ಇದು ದೊಡ್ಡ ಕನಸೇನಲ್ಲ.

ಈ ಮೂರನೆಯ ಬಗೆಗೇ ಸೇರುವ ಸಿಎಫ್‌ಟಿಆರ್ ವಂಶವಾಹಿಯ ದೋಷದಲ್ಲಿ ವೀರ್ಯಾಣುಗಳು ಚೆನ್ನಾಗಿಯೇ ತಯಾರಾಗುತ್ತವೆ, ಆದರೆ ಅವನ್ನು ಹೊರತರುವ ನಾಳಗಳೇ ಹುಟ್ಟಿನಿಂದ ಇರುವುದಿಲ್ಲ. ವೃಷಣಚೀಲದಲ್ಲಿ ಬೆರಳಾಡಿಸಿದರೆ ಹುರಿಯಂತೆ ತಾಕಬೇಕಾದ ನಾಳ ಎರಡೂ ಕಡೆ ತಾಕದಿರುವುದು, ವೀರ್ಯದ ಪ್ರಮಾಣ ಕಡಿಮೆಯಿದ್ದು ಅದರಲ್ಲಿ ಫ್ರಕ್ಟೋಸ್ ಸಕ್ಕರೆ ಇಲ್ಲದಿರುವುದು ಇದರ ಗುರುತು. ವೃಷಣದಿಂದ ನೇರವಾಗಿ ವೀರ್ಯಾಣು ತೆಗೆದು ಮಗು ಪಡೆಯಬಹುದು. ಆದರೆ ಹೆಂಡತಿಯೂ ಇದೇ ದೋಷದ ವಾಹಕಳಾಗಿದ್ದರೆ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಗಂಭೀರ ಶ್ವಾಸಕೋಶದ ಕಾಯಿಲೆ ಬರಬಹುದಾದ್ದರಿಂದ ಅವಳ ಪರೀಕ್ಷೆ ಮೊದಲು ಆಗಬೇಕು, ಅವಳು ಸೋದರ ಸಂಬಂಧಿಯಾಗಿದ್ದರಂತೂ ಆಗಲೇಬೇಕು.

ಎಲ್ಲವನ್ನೂ ವಂಶವಾಹಿಗಳ ತಲೆಗೆ ಕಟ್ಟುವುದೂ ಸರಿಯಲ್ಲ. ಕ್ಯಾಲಿಫೋರ್ನಿಯದ ಲ್ಯಾಥ್ರಪ್ ಎಂಬಲ್ಲಿ ಡಿಬಿಸಿಪಿ ಎಂಬ ಜಂತುನಾಶಕವನ್ನು ತಯಾರಿಸುತ್ತಿದ್ದ ಕಾರ್ಮಿಕರಿಗೆ ಮಕ್ಕಳಾಗುತ್ತಿಲ್ಲವೆಂದು 1977ರಲ್ಲಿ ಗೊತ್ತಾಯಿತು, ಮತ್ತು ಆ ಔಷಧ ದ್ರಾಕ್ಷಿ ತೋಟಗಳಲ್ಲಿಯೂ ಬಳಕೆಯಲ್ಲಿತ್ತು. ಮುಖಗವಸಿಲ್ಲದೆ ಪಡಗಳಲ್ಲಿ ಔಷಧ ಹೊಡೆಯುವ ತಿಕೋಟಾ ಭಾಗದ ಯುವಕರು ಈ ಸಂಗತಿಯನ್ನು ತಿಳಿದಿರುವುದು ಲೇಸು. ವಿಜಯಪುರದ ಅಲ್-ಅಮೀನ್ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದಿಂದಲೂ ನಿಕಲ್ ಲವಣವು ಇಲಿಗಳ ವೃಷಣದ ಹಾರ್ಮೋನು ತಯಾರಿಕೆಗೆ ಮಾಡುವ ಹಾನಿಯ ಬಗ್ಗೆ 2002ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಗಿದೆ. ಮೈ ಕಟ್ಟಲೆಂದು ಜಿಮ್‌ಗಳಲ್ಲಿ ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರೋನ್ ಗಂಡಸುತನ ಹೆಚ್ಚಿಸುತ್ತದೆಂಬ ನಂಬಿಕೆಗೆ ತದ್ವಿರುದ್ಧವಾಗಿ ವೀರ್ಯಾಣು ತಯಾರಿಕೆಯನ್ನು ನಿಲ್ಲಿಸುತ್ತದೆ.

ಕಾರಣ ತಿಳಿದರೆ ಆಗುವ ಪ್ರಯೋಜನವೇನು ಎಂಬ ಪ್ರಶ್ನೆಗೆ ವೈ ಲೋಪವೇ ನೇರ ಉತ್ತರ ಕೊಡುತ್ತದೆ. ಒಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚುವ ಇಕ್ಸಿ ವಿಧಾನ 1992ರಲ್ಲಿ ಬ್ರಸೆಲ್ಸ್‌ನಿಂದ ವರದಿಯಾದ ಮೇಲೆ, ವೃಷಣವನ್ನು ತೆರೆದು ವೀರ್ಯಾಣು ಹುಡುಕುವ ಶಸ್ತ್ರಕ್ರಿಯೆಗೆ ಅರ್ಥ ಬಂದಿತು. ಎ ಅಥವಾ ಬಿ ಭಾಗ ಪೂರ್ತಿ ಹೋದವನಲ್ಲಿ ಈ ಶಸ್ತ್ರಕ್ರಿಯೆಯಿಂದ ಏನೂ ಸಿಗುವುದಿಲ್ಲ. ಹೊಲ ಅಡವಿಟ್ಟು ಅದನ್ನು ಮಾಡಿಸುವುದನ್ನು ಒಂದು ರಕ್ತಪರೀಕ್ಷೆ ತಪ್ಪಿಸಬಲ್ಲದು. ಸಿ ಭಾಗ ಹೋದವರಲ್ಲಿ ಅರ್ಧದಷ್ಟು ಮಂದಿಗೆ, ಕ್ಲೈನ್‌ಫೆಲ್ಟರ್ ಇರುವವರಲ್ಲಿಯೂ ಸುಮಾರು ಅಷ್ಟೇ ಮಂದಿಗೆ, ವೀರ್ಯಾಣು ಸಿಗುವ ಆಸೆಯಿದೆ.

ಆದರೆ ಸಿ ಲೋಪವಿರುವ ತಂದೆಗೆ ಇಕ್ಸಿಯಿಂದ ಹುಟ್ಟುವ ಪ್ರತಿಯೊಬ್ಬ ಮಗನಿಗೂ ಅದೇ ವೈ, ಅದೇ ಲೋಪ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಏನೂ ಹೋಗುವುದಿಲ್ಲ. ಬಹುತೇಕ ಒಂದೇ ತಲೆಮಾರಿನಲ್ಲಿ ಮುಗಿಯುತ್ತಿದ್ದುದು ಹೀಗೆ ತಂದೆಯಿಂದ ಮಗನಿಗೆ ಇಳಿಯುವ ಆಸ್ತಿಯಾಗಿದೆ, ಮತ್ತು ಗಂಡುಮಗುವಿಗಾಗಿ ಹಂಬಲಿಸಿ ಚಿಕಿತ್ಸೆಗೆ ಬಂದ ಮನೆಗೇ ಈ ಮಾತನ್ನು ಹೇಳಬೇಕಾಗಿ ಬರುತ್ತದೆ. ಹೆಣ್ಣು ಭ್ರೂಣವನ್ನಷ್ಟೇ ಆರಿಸಿ ಈ ಲೋಪವನ್ನು ತಪ್ಪಿಸೋಣವೆಂದರೆ, ಭ್ರೂಣದ ಲಿಂಗವನ್ನು ಆರಿಸಿಕೊಳ್ಳುವುದನ್ನು 1994ರ ಪಿಸಿಪಿಎನ್‌ಡಿಟಿ ಕಾಯ್ದೆ ನಿಷೇಧಿಸಿದೆ. ಹೆಣ್ಣುಮಕ್ಕಳನ್ನು ಉಳಿಸಿಕೊಳ್ಳಲು ಬಂದ ಆ ಕಾಯ್ದೆಯಲ್ಲಿ ಸಡಿಲಿಕೆ ಕೇಳುವಷ್ಟು ಗಂಭೀರ ಕಾಯಿಲೆ ಇದಲ್ಲ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಚಿಕಿತ್ಸಾಲಯಗಳು ದಂಪತಿಗೆ ತಿಳಿವಳಿಕೆ ನೀಡಬೇಕೆನ್ನುತ್ತದೆ. ಹುಟ್ಟಿದ ಮಗನಿಗೆ ಯಾರು, ಯಾವಾಗ ಹೇಳಬೇಕೆಂಬುದು ಮನೆಯವರಿಗೆ ಬಿಟ್ಟ ವಿಷಯವಾಗಿ ಉಳಿದಿದೆ. ಸಿ ಲೋಪವಿರುವವರಲ್ಲಿ ವೀರ್ಯಾಣುಗಳ ಸಂಖ್ಯೆ ವಯಸ್ಸಿನೊಂದಿಗೆ ಇಳಿಯಬಹುದಾದ್ದರಿಂದ, ಅಂಥ ಮಗ ಪ್ರಾಯಕ್ಕೆ ಬಂದಾಗ ಪರೀಕ್ಷೆ ಮಾಡಿಸಿ, ಇರುವಷ್ಟನ್ನು ಶೀತಲೀಕರಿಸಿ ಇಡಿಸುವುದು ತಜ್ಞರು ಸೂಚಿಸುವ ದಾರಿ. ಅದಕ್ಕೆ ತಂದೆಯ ಪರೀಕ್ಷಾ ವರದಿ ಆ ಹೊತ್ತಿಗೂ ಮನೆಯಲ್ಲಿ ಉಳಿದಿರಬೇಕು, ಮತ್ತು ಮಗನಿಗೆ ಅದನ್ನು ತೋರಿಸಲು ತಂದೆ ಸಿದ್ಧನಿರಬೇಕು.